ಬಾಲ್ಯದ ಕ್ಯಾನ್ಸರ್‌ನಿಂದ ಗುಣವಾದ ಮಕ್ಕಳ ದೀರ್ಘಕಾಲದ ಆರೋಗ್ಯಪಾಲನೆ: ಮುಂಬೈ, ಪುಣೆಯ ಕನ್ನಡ ಕುಟುಂಬಗಳಿಗೆ ಹಂತಹಂತದ ಮಾರ್ಗದರ್ಶಿ

ಮುಂಬೈಯ ಪರೇಲಿನಲ್ಲಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಮಗುವಿನ ಚಿಕಿತ್ಸೆ ಮುಗಿಸಿಕೊಂಡು ಡೊಂಬಿವಲಿಗೋ ಪುಣೆಗೋ ಕಲಬುರಗಿಗೋ ಮರಳಿದ ಕುಟುಂಬಗಳು ಓದಿಸಿಕೊಳ್ಳಲು ತರುವ ಫೈಲುಗಳನ್ನು ನಾನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಅವುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣಿಸುತ್ತದೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕೆಂಬುದು ಎಲ್ಲರಿಗೂ ಗೊತ್ತಿದೆ; ಯಾವ ಪರೀಕ್ಷೆ, ಯಾವ ಕಾರಣಕ್ಕೆ ಎಂಬುದು ಗೊತ್ತಿಲ್ಲ. ಆದ್ದರಿಂದ ಮನೆಯ ಹತ್ತಿರದ ಲ್ಯಾಬಿನಲ್ಲಿ ‘ಫುಲ್ ಬಾಡಿ ಚೆಕಪ್’ ಮಾಡಿಸಿ, ಉದ್ದನೆಯ ವರದಿಯಲ್ಲಿ ಎಲ್ಲವೂ ಸರಿಯಿದೆ ಎಂದು ಕಂಡು ಸಮಾಧಾನಪಟ್ಟುಕೊಳ್ಳುತ್ತಾರೆ. ಹೃದಯಕ್ಕೆ ಪೆಟ್ಟು ಕೊಡಬಲ್ಲ ಔಷಧವನ್ನು ಪಡೆದಿದ್ದ ಹುಡುಗನಿಗೆ ಬೇಕಾಗಿದ್ದ ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆ ಆ ಪಟ್ಟಿಯಲ್ಲಿ ಇರುವುದೇ ಇಲ್ಲ, ಅವನಿಗೆ ಬೇಕಿಲ್ಲದ ವಿಟಮಿನ್ನುಗಳ ಲೆಕ್ಕ ಮಾತ್ರ ಪುಟಗಟ್ಟಲೆ ಇರುತ್ತದೆ.

ಇಲ್ಲಿ ತಪ್ಪಿರುವುದು ಕಾಳಜಿಯಲ್ಲ, ಕ್ರಮ. ಮೊದಲು ಮಗುವಿಗೆ ಏನೇನು ಚಿಕಿತ್ಸೆ ಆಗಿದೆ ಎಂಬುದರ ಸಾರಾಂಶ ಸಿದ್ಧವಾಗಬೇಕು. ಆ ಸಾರಾಂಶದಿಂದ ಯಾವ ಅಂಗಕ್ಕೆ ಅಪಾಯವಿದೆ ಎಂಬುದು ತಿಳಿಯಬೇಕು. ಅದರಿಂದ ಪರೀಕ್ಷೆಗಳ ಪಟ್ಟಿ ಹುಟ್ಟಬೇಕು. ಲ್ಯಾಬಿನ ಬಾಗಿಲು ತಟ್ಟುವುದು ಆಮೇಲೆ. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ಇವು ವೈದ್ಯರ ಸಲಹೆಗೆ ಬದಲಿಯಲ್ಲ; ವೈದ್ಯರ ಮುಂದೆ ಕುಳಿತಾಗ ನಿಮ್ಮ ಕೈಯಲ್ಲಿ ಏನಿರಬೇಕು, ನೀವು ಏನು ಕೇಳಬೇಕು ಎಂಬುದಕ್ಕೆ ಸಿದ್ಧತೆ.

ಮೊದಲು ಕೈಯಲ್ಲಿರಬೇಕಾದವು

ಆಸ್ಪತ್ರೆಯ ಕೇಸ್ ನಂಬರ್, ಗಟ್ಟಿ ರಟ್ಟಿನ ಒಂದು ಫೈಲು, ಒಂದು ನೋಟ್‌ಬುಕ್, ಕ್ಯಾಲ್ಕುಲೇಟರ್ ಮತ್ತು ಕ್ಯಾಮೆರಾ ಇರುವ ಮೊಬೈಲು, ಎತ್ತರ ಅಳೆಯಲು ಟೇಪು, ತೂಕದ ಯಂತ್ರ. ಇವಿಷ್ಟಕ್ಕಿಂತ ಮುಖ್ಯವಾದದ್ದು, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ, ನಿಮ್ಮ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆಯಿರುವ ಒಬ್ಬ ವೈದ್ಯರು. ಅವರು ಕ್ಯಾನ್ಸರ್ ತಜ್ಞರಾಗಿರಬೇಕಿಲ್ಲ. ವರ್ಷವಿಡೀ ಜ್ವರ, ಕೆಮ್ಮು, ಹೊಟ್ಟೆನೋವಿಗೆ ನೋಡುವವರು ಅವರೇ ಆದ್ದರಿಂದ, ಸಾರಾಂಶದ ಒಂದು ಪ್ರತಿ ಅವರ ಬಳಿ ಇರಲೇಬೇಕು.

ಹಂತ 1: ಎರಡು ಬಗೆಯ ಭೇಟಿಗಳನ್ನು ಬೇರೆ ಮಾಡಿಕೊಳ್ಳಿ

ಚಿಕಿತ್ಸೆ ಮುಗಿದ ಮೊದಲ ಕೆಲವು ವರ್ಷಗಳ ಭೇಟಿಗಳಲ್ಲಿ ವೈದ್ಯರು ಮುಖ್ಯವಾಗಿ ಹುಡುಕುವುದು ರೋಗ ಮರುಕಳಿಸಿದೆಯೇ ಎಂಬುದನ್ನು. ಅನಂತರದ ಭೇಟಿಗಳ ಉದ್ದೇಶವೇ ಬೇರೆ: ರೋಗವನ್ನು ಓಡಿಸಿದ ಔಷಧ, ವಿಕಿರಣ, ಶಸ್ತ್ರಚಿಕಿತ್ಸೆಗಳು ಬೆಳೆಯುವ ದೇಹದಲ್ಲಿ ಉಳಿಸಿಹೋದ ಪರಿಣಾಮಗಳನ್ನು ಅವು ತೊಂದರೆ ಕೊಡುವ ಮೊದಲೇ ಹಿಡಿಯುವುದು. ಇವುಗಳಲ್ಲಿ ಕೆಲವು ಹತ್ತು, ಇಪ್ಪತ್ತು ವರ್ಷಗಳ ಬಳಿಕ ಕಾಣಿಸಿಕೊಳ್ಳುತ್ತವೆ. ‘ಐದು ವರ್ಷ ಆಯಿತು, ಇನ್ನು ಬರಬೇಕಿಲ್ಲ’ ಎಂದು ಕುಟುಂಬಗಳು ತಿಳಿದುಕೊಳ್ಳುವುದು ಮೊದಲ ಬಗೆಯ ಭೇಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಎರಡನೆಯ ಬಗೆಯದು ಆಗಷ್ಟೇ ಆರಂಭವಾಗಿರುತ್ತದೆ.

ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಈ ಎರಡನೆಯ ಬಗೆಯ ಭೇಟಿಗೆಂದೇ 1991ರಿಂದ ‘ಆಕ್ಟ್ ಕ್ಲಿನಿಕ್’ ನಡೆಯುತ್ತಿದೆ. ಚಿಕಿತ್ಸೆ ಮುಗಿಸಿದವರ ಕ್ಲಿನಿಕ್ ಎಂಬುದೇ ಆ ಹೆಸರಿನ ಅರ್ಥ. ಚಿಕಿತ್ಸೆ ಮುಗಿದು ಸಾಮಾನ್ಯವಾಗಿ ಎರಡು ವರ್ಷ ರೋಗವಿಲ್ಲದೆ ಕಳೆದ ಮಕ್ಕಳನ್ನು ಅಲ್ಲಿಗೆ ಕಳುಹಿಸುತ್ತಾರೆ. ಬೇರೆ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿದ್ದರೆ, ಇಂಥ ಪ್ರತ್ಯೇಕ ಕ್ಲಿನಿಕ್ ಇದೆಯೇ ಎಂದು ಚಿಕಿತ್ಸೆ ನೀಡಿದ ವೈದ್ಯರನ್ನೇ ನೇರವಾಗಿ ಕೇಳಿ. ಇಲ್ಲವೆಂದರೆ ಮುಂದಿನ ಎರಡು ಹಂತಗಳು ನಿಮಗೆ ಇನ್ನೂ ಹೆಚ್ಚು ಅಗತ್ಯ.

ಹಂತ 2: ಕಾಗದಗಳನ್ನು ಒಂದೆಡೆ ಸೇರಿಸಿ

ಇವುಗಳನ್ನು ಹುಡುಕಬೇಕು: ರೋಗ ಯಾವುದೆಂದು ಖಚಿತಪಡಿಸಿದ ಬಯಾಪ್ಸಿ ಅಥವಾ ಅಸ್ಥಿಮಜ್ಜೆಯ ವರದಿ, ಪ್ರತಿ ಬಾರಿಯ ಡಿಸ್ಚಾರ್ಜ್ ಸಮ್ಮರಿ, ಯಾವ ದಿನ ಯಾವ ಔಷಧ ಎಷ್ಟು ಹೋಯಿತೆಂದು ಬರೆದ ಕಿಮೊಥೆರಪಿ ಚಾರ್ಟು, ರೇಡಿಯೇಶನ್ ಆಗಿದ್ದರೆ ಆ ವಿಭಾಗ ಕೊನೆಯಲ್ಲಿ ಕೊಡುವ ಮುಕ್ತಾಯದ ಟಿಪ್ಪಣಿ, ಆಪರೇಶನ್ ವಿವರ, ಚಿಕಿತ್ಸೆ ಮುಗಿಯುವಾಗಿನ ಎಕೋ, ಶ್ರವಣ ಪರೀಕ್ಷೆ, ಮೂತ್ರಪಿಂಡದ ವರದಿಗಳು, ರಕ್ತ ಹಾಕಿಸಿದ ದಾಖಲೆ.

ಎಲ್ಲವನ್ನೂ ಅದೇ ದಿನ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಡೊಂಬಿವಲಿಯ ಒಂದು ಮನೆಯಲ್ಲಿ ತಾಯಿಯೊಬ್ಬರು ಹತ್ತು ವರ್ಷದ ಹಿಂದಿನ ಎಕೋ ಚಿತ್ರವನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದುಕೊಟ್ಟರು. ನುಣುಪಾದ ಆ ಕಾಗದದ ಮೇಲೆ ಏನೂ ಉಳಿದಿರಲಿಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಮೂಲೆಯಲ್ಲಿ ದಿನಾಂಕದ ಎರಡು ಅಂಕಿಗಳು ಮಾತ್ರ ತೆಳುವಾಗಿ ಕಂಡವು. ಶಾಖದಿಂದ ಮುದ್ರಿಸುವ ಇಂಥ ಕಾಗದ ಬಿಸಿಲಿಗೆ, ಪ್ಲಾಸ್ಟಿಕ್ಕಿನ ಒತ್ತಿಗೆ ಮಾಸಿಹೋಗುತ್ತದೆ. ಅವರು ಅದನ್ನು ಬೀರುವಿನಲ್ಲಿ ಬಟ್ಟೆಯ ನಡುವೆ ಜೋಪಾನವಾಗಿ ಇಟ್ಟಿದ್ದರು. ಜೋಪಾನ ಸಾಲದು, ಪ್ರತಿ ಬೇಕು.

ಕಾಗದ ಕಳೆದಿದ್ದರೆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಕೇಸ್ ನಂಬರ್, ಚಿಕಿತ್ಸೆಯ ವರ್ಷ, ಗುರುತಿನ ಚೀಟಿಯ ಪ್ರತಿಯೊಂದಿಗೆ ಲಿಖಿತ ಅರ್ಜಿ ಕೊಡಿ. ವೈದ್ಯರ ವೃತ್ತಿನಡತೆಯ ಕುರಿತ 2002ರ ನಿಯಮಾವಳಿಯ ಪ್ರಕಾರ ರೋಗಿ ಅಥವಾ ಅವರ ಪರವಾಗಿ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಅದೇ ನಿಯಮಾವಳಿ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕೆಂದಷ್ಟೇ ಹೇಳುತ್ತದೆ ಎಂಬುದನ್ನೂ ಗಮನಿಸಿ. ದೊಡ್ಡ ಆಸ್ಪತ್ರೆಗಳು ಅದಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಹುದು. ಅದನ್ನು ನಂಬಿ ಕಾಯುವುದು ಬೇಡ.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ‘ಪೀಡೆ ಹೋಯಿತು, ಅದರ ಕಾಗದ ಮನೆಯಲ್ಲಿ ಯಾಕೆ’ ಎಂದು ಫೈಲನ್ನೇ ನೀರಿಗೆ ಬಿಟ್ಟ ಮನೆಗಳಿವೆ. ಹೆಣ್ಣುಮಗಳ ಮದುವೆಗೆ ತೊಡಕಾದೀತೆಂದು ಹರಿದುಹಾಕಿದವರೂ ಇದ್ದಾರೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಅದೇ ಮಗಳು ಮುಂದೆ ಬಸಿರಾದಾಗ ಅವಳ ಹೃದಯವನ್ನು ಮೊದಲೇ ಪರೀಕ್ಷಿಸಬೇಕೋ ಬೇಡವೋ ಎಂದು ಹೇಳಬಲ್ಲದ್ದು ಆ ಕಾಗದ ಒಂದೇ. ಊರಿನವರಿಗೆ ತೋರಿಸಬೇಡಿ, ಆದರೆ ಇಟ್ಟುಕೊಳ್ಳಿ.

ಹಂತ 3: ಒಂದು ಪುಟದ ಚಿಕಿತ್ಸಾ ಸಾರಾಂಶ ಬರೆಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವುದು ಈ ಹಂತ, ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ಚಿಕಿತ್ಸೆ ನೀಡಿದ ವಿಭಾಗವೇ ಸಾರಾಂಶ ಕೊಟ್ಟಿದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ನೀವು ಕರಡು ಬರೆದು, ಮುಂದಿನ ಭೇಟಿಯಲ್ಲಿ ವೈದ್ಯರಿಂದ ತಿದ್ದಿಸಿ ಸಹಿ ಹಾಕಿಸಿಕೊಳ್ಳಿ. ಖಾಲಿ ಕೈಯಲ್ಲಿ ಹೋಗಿ ‘ಸಾರಾಂಶ ಬರೆದುಕೊಡಿ’ ಎಂದರೆ ನೂರು ರೋಗಿಗಳ ಸಾಲಿನಲ್ಲಿ ಅದು ಮುಂದಕ್ಕೆ ಹೋಗುತ್ತದೆ. ತುಂಬಿದ ಕರಡನ್ನು ಮುಂದಿಟ್ಟರೆ ತಿದ್ದುವುದಕ್ಕೆ ಹತ್ತು ನಿಮಿಷ ಸಾಕು.

ಪುಟದಲ್ಲಿ ಇರಬೇಕಾದವು: ರೋಗದ ಹೆಸರು, ಪತ್ತೆಯಾದ ದಿನಾಂಕ, ಆಗ ಮಗುವಿನ ವಯಸ್ಸು, ಚಿಕಿತ್ಸೆ ಮುಗಿದ ದಿನಾಂಕ, ಪ್ರತಿ ಔಷಧದ ಹೆಸರು, ರೇಡಿಯೇಶನ್ ದೇಹದ ಯಾವ ಭಾಗಕ್ಕೆ, ಒಟ್ಟು ಎಷ್ಟು ಗ್ರೇ (ವಿಕಿರಣದ ಅಳತೆ), ತೆಗೆದುಹಾಕಿದ ಅಂಗ, ರೋಗ ಮರುಕಳಿಸಿತ್ತೇ, ಅಸ್ಥಿಮಜ್ಜೆ ಕಸಿ ಆಗಿತ್ತೇ, ಔಷಧಕ್ಕೆ ಅಲರ್ಜಿ.

ಒಟ್ಟು ಪ್ರಮಾಣವನ್ನು ಲೆಕ್ಕ ಹಾಕುವುದು

ಎಲ್ಲ ಔಷಧಗಳಿಗೂ ಒಟ್ಟು ಪ್ರಮಾಣ ಬರೆಯುವ ಅಗತ್ಯವಿಲ್ಲ. ಡಾಕ್ಸೊರುಬಿಸಿನ್, ಡೌನೊರುಬಿಸಿನ್‌ನಂಥ ಔಷಧಗಳಿಗೆ ಮಾತ್ರ ಬರೆಯಲೇಬೇಕು. ಇವು ಕೆಂಪು ಬಣ್ಣದ ಔಷಧಗಳು. ‘ಕೆಂಪು ಔಷಧ ಹಾಕಿದ ದಿನ ಮೂತ್ರವೂ ಕೆಂಪಾಗುತ್ತಿತ್ತು’ ಎಂದು ತಾಯಂದಿರು ನೆನಪಿಸಿಕೊಳ್ಳುವುದು ಇವುಗಳನ್ನೇ. ಸಿಸ್‌ಪ್ಲಾಟಿನ್, ಐಫಾಸ್ಫಮೈಡ್, ಸೈಕ್ಲೊಫಾಸ್ಫಮೈಡ್, ಬ್ಲಿಯೊಮೈಸಿನ್‌ಗಳ ಒಟ್ಟು ಪ್ರಮಾಣವೂ ಸಿಕ್ಕರೆ ಒಳ್ಳೆಯದು.

ಚಾರ್ಟಿನಲ್ಲಿ ಪ್ರಮಾಣ ಎರಡು ರೀತಿಯಲ್ಲಿ ಇರುತ್ತದೆ: ನಿಜವಾಗಿ ಹೋದ ಮಿಲಿಗ್ರಾಂ, ಮತ್ತು ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಎಷ್ಟು ಮಿಲಿಗ್ರಾಂ ಎಂಬುದು. ಅಪಾಯವನ್ನು ಅಳೆಯುವುದು ಎರಡನೆಯದರಿಂದ. ಚಾರ್ಟಿನಲ್ಲಿ ಮೇಲ್ಮೈ ಬರೆದಿಲ್ಲದಿದ್ದರೆ ಅಂದಿನ ಎತ್ತರವನ್ನು ಸೆಂಟಿಮೀಟರಿನಲ್ಲಿ, ತೂಕವನ್ನು ಕಿಲೋದಲ್ಲಿ ತೆಗೆದುಕೊಂಡು, ಗುಣಿಸಿ, 3600ರಿಂದ ಭಾಗಿಸಿ, ಬಂದ ಸಂಖ್ಯೆಯ ವರ್ಗಮೂಲ ತೆಗೆಯಿರಿ. 115 ಸೆಂಟಿಮೀಟರ್ ಎತ್ತರ, 20 ಕಿಲೋ ತೂಕದ ಮಗುವಿಗೆ 115 ಗುಣಿಸು 20 ಎಂದರೆ 2300. ಅದನ್ನು 3600ರಿಂದ ಭಾಗಿಸಿದರೆ 0.64, ಅದರ ವರ್ಗಮೂಲ 0.8 ಚದರ ಮೀಟರ್. ಆ ಮಗುವಿಗೆ ಒಂದು ಬಾರಿಗೆ 20 ಮಿಲಿಗ್ರಾಂ ಡಾಕ್ಸೊರುಬಿಸಿನ್ ಹೋಗಿದ್ದರೆ, ಅದು ಚದರ ಮೀಟರಿಗೆ 25 ಮಿಲಿಗ್ರಾಂ ಆಯಿತು. ಏಳು ಬಾರಿ ಹೋಗಿದ್ದರೆ ಒಟ್ಟು 175.

ಸಾಮಾನ್ಯವಾಗಿ ಆಗುವ ತಪ್ಪು, 20ನ್ನು ಏಳರಿಂದ ಗುಣಿಸಿ 140 ಎಂದು ಬರೆಯುವುದು. ಮಗು ಚಿಕ್ಕದಿದ್ದಷ್ಟೂ ಈ ತಪ್ಪು ಅಪಾಯವನ್ನು ಇನ್ನಷ್ಟು ಕಡಿಮೆ ಮಾಡಿ ತೋರಿಸುತ್ತದೆ. ಇನ್ನೊಂದು ತಪ್ಪು, ಡೌನೊರುಬಿಸಿನ್ ಮತ್ತು ಡಾಕ್ಸೊರುಬಿಸಿನ್ ಎರಡನ್ನೂ ನೇರವಾಗಿ ಕೂಡಿಸುವುದು. ಹೃದಯದ ಮೇಲೆ ಎರಡರ ಭಾರ ಒಂದೇ ಅಲ್ಲ. ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಹೊಂದಿಸಿ ಕೂಡಿಸುವ ಕೆಲಸವನ್ನು ವೈದ್ಯರಿಗೆ ಬಿಡಿ.

ಪುಟದ ಮೇಲ್ಭಾಗ ಇಂಗ್ಲಿಷಿನಲ್ಲೇ ಇರಲಿ, ಏಕೆಂದರೆ ಮುಂಬೈಯ ವೈದ್ಯರೂ ಊರಿನ ವೈದ್ಯರೂ ಓದಬೇಕಾದದ್ದು ಅದನ್ನು. ಕೆಳಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ: ಯಾವ ರೋಗವಿತ್ತು, ಯಾವ ಅಂಗದ ಮೇಲೆ ಕಣ್ಣಿಡಬೇಕು, ತುರ್ತಿನಲ್ಲಿ ಯಾರಿಗೆ ಕರೆ ಮಾಡಬೇಕು. ರಜೆಯಲ್ಲಿ ಮೊಮ್ಮಗನನ್ನು ನೋಡಿಕೊಳ್ಳುವ ಅಜ್ಜಿಗೆ ಈ ನಾಲ್ಕು ಸಾಲು ಬೇಕಾಗುತ್ತದೆ.

ಹಂತ 4: ಸಾರಾಂಶದಿಂದ ಪರೀಕ್ಷೆಗಳ ಪಟ್ಟಿ ಮಾಡಿ

ಅಮೆರಿಕದ ಮಕ್ಕಳ ಕ್ಯಾನ್ಸರ್ ವೈದ್ಯರ ಸಂಘಟನೆಯಾದ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್ ಇದಕ್ಕಾಗಿ ವಿವರವಾದ ಮಾರ್ಗಸೂಚಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ. ನಿಮ್ಮ ವೈದ್ಯರ ಮುಂದೆ ಅದರ ಹೆಸರು ಹೇಳಲು ಹಿಂಜರಿಯಬೇಡಿ. ಮುಖ್ಯವಾದವುಗಳನ್ನು ಇಲ್ಲಿ ಅಂಗಗಳ ಪ್ರಕಾರ ಕೊಟ್ಟಿದೆ.

ಹೃದಯ

ಕೆಂಪು ಔಷಧದ ಒಟ್ಟು ಪ್ರಮಾಣ ಚದರ ಮೀಟರಿಗೆ 250 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಇಲ್ಲವೇ ಎದೆಗೆ 30 ಗ್ರೇ ಅಥವಾ ಹೆಚ್ಚು ವಿಕಿರಣ ಬಿದ್ದಿದ್ದರೆ ಎರಡು ವರ್ಷಕ್ಕೊಮ್ಮೆ ಎಕೋ ಬೇಕು. ಔಷಧ 100ರಿಂದ 250ರ ನಡುವೆ ಇದ್ದು ಎದೆಗೆ ವಿಕಿರಣ ಬಿದ್ದಿಲ್ಲದಿದ್ದರೆ ಐದು ವರ್ಷಕ್ಕೊಮ್ಮೆ ಸಾಕು. ಎರಡೂ ಆಗಿದ್ದರೆ ಮಧ್ಯಮ ಪ್ರಮಾಣವೂ ಹೆಚ್ಚಿನ ಅಪಾಯವಾಗುತ್ತದೆ. ಮೇಲಿನ ಉದಾಹರಣೆಯ ಹುಡುಗ ಐದು ವರ್ಷದ ಗುಂಪಿನವನು. ಮೂಳೆಯ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು 250 ದಾಟಿರುವುದು ಸಾಮಾನ್ಯ.

ಇಸಿಜಿ ಮಾಡಿಸಿ ಹೃದಯ ಸರಿಯಿದೆ ಎಂದು ಬಿಟ್ಟುಬಿಡುವುದು ನಾನು ಹೆಚ್ಚಾಗಿ ಕಾಣುವ ತಪ್ಪು. ಹೃದಯದ ಸ್ನಾಯು ನಿಧಾನವಾಗಿ ಬಲ ಕಳೆದುಕೊಳ್ಳುತ್ತಿರುವುದು ಇಸಿಜಿಯಲ್ಲಿ ಕಾಣಿಸದೆ ಹೋಗಬಹುದು, ಎಕೋದಲ್ಲಿ ಕಾಣುತ್ತದೆ. ಎಕೋ ವರದಿಯಲ್ಲಿ ಎಜೆಕ್ಷನ್ ಫ್ರಾಕ್ಷನ್ ಎಂಬ ಶೇಕಡಾ ಸಂಖ್ಯೆ ಇರುತ್ತದೆ, ಹೃದಯ ಪ್ರತಿ ಬಡಿತಕ್ಕೆ ಎಷ್ಟು ಪಾಲು ರಕ್ತವನ್ನು ಹೊರದೂಡುತ್ತದೆ ಎಂಬ ಲೆಕ್ಕ ಅದು. ಅದನ್ನು ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ಒಂದರ ಕೆಳಗೊಂದು ಬರೆಯಿರಿ. ಒಂದು ವರ್ಷದ ಸಂಖ್ಯೆಗಿಂತ ಅದು ಇಳಿಯುತ್ತಾ ಬಂದಿದೆಯೇ ಎಂಬುದು ಮುಖ್ಯ. ಗರ್ಭ ಧರಿಸುವ ಮೊದಲು ಅಥವಾ ಮೊದಲ ಮೂರು ತಿಂಗಳಲ್ಲಿ ಒಂದು ಎಕೋ ತಪ್ಪದೆ ಆಗಬೇಕು.

ಕಿವಿ ಮತ್ತು ಮೂತ್ರಪಿಂಡ

ಸಿಸ್‌ಪ್ಲಾಟಿನ್ ಪಡೆದವರಲ್ಲಿ ಮೊದಲು ಮಸುಕಾಗುವುದು ಎತ್ತರದ ಸ್ವರಗಳು. ಮಗು ಕರೆದರೆ ಓಗೊಡುತ್ತದೆ, ಆದ್ದರಿಂದ ಮನೆಯವರಿಗೆ ಸಂಶಯ ಬರುವುದಿಲ್ಲ. ಆದರೆ ಸ, ಶ ಮೊದಲಾದ ಅಕ್ಷರಗಳು ಜಾರಿಹೋಗುತ್ತವೆ. ‘ಸೊಪ್ಪು’ ಎಂದದ್ದು ‘ಉಪ್ಪು’ ಎಂದು ಕೇಳಿಸುತ್ತದೆ, ತರಗತಿಯ ಹಿಂದಿನ ಬೆಂಚಿನಲ್ಲಿ ಪಾಠ ಅರ್ಧ ತಲುಪುತ್ತದೆ. ಬೆರಳು ಚಿಟಿಕೆ ಹೊಡೆದು ನೋಡುವುದು ಪರೀಕ್ಷೆಯಲ್ಲ, ಆಡಿಯೊಮೆಟ್ರಿ ಎಂಬ ಶ್ರವಣ ಪರೀಕ್ಷೆ ಮಾಡಿಸಿ.

ಸಿಸ್‌ಪ್ಲಾಟಿನ್, ಐಫಾಸ್ಫಮೈಡ್ ಪಡೆದವರಿಗೆ ಮತ್ತು ಒಂದು ಮೂತ್ರಪಿಂಡ ತೆಗೆಸಿಕೊಂಡವರಿಗೆ ಕ್ರಿಯಾಟಿನಿನ್, ರಕ್ತದ ಲವಣಾಂಶಗಳು, ಮೂತ್ರ ಪರೀಕ್ಷೆಗಳನ್ನು ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ರಕ್ತದೊತ್ತಡವನ್ನು ಮಾತ್ರ ವರ್ಷ ತಪ್ಪದೆ ಅಳೆಸಿ. ಇವರು ಔಷಧದ ಅಂಗಡಿಯಿಂದ ತಾವೇ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ತಂದು ನುಂಗಬಾರದು.

ವಿಕಿರಣ ಬಿದ್ದ ಜಾಗ

‘ಕರೆಂಟ್ ಕೊಡಿಸಿದ್ದೆವು’ ಎಂದಷ್ಟೇ ನೆನಪಿದ್ದರೆ ಸಾಲದು. ಎಲ್ಲಿಗೆ ಎಂಬುದರ ಮೇಲೆ ಪಟ್ಟಿಯೇ ಬದಲಾಗುತ್ತದೆ.

ಕುತ್ತಿಗೆಗೆ ಅಥವಾ ತಲೆಗೆ ಬಿದ್ದಿದ್ದರೆ ವರ್ಷಕ್ಕೊಮ್ಮೆ ಥೈರಾಯ್ಡ್ ಗ್ರಂಥಿಯ ಟಿಎಸ್‌ಎಚ್ ರಕ್ತಪರೀಕ್ಷೆ ಬೇಕು. ವೈದ್ಯರು ಕುತ್ತಿಗೆಯನ್ನು ಕೈಯಿಂದ ಮುಟ್ಟಿ ಗಂಟು ಇದೆಯೇ ಎಂದೂ ನೋಡಬೇಕು. ಹುಡುಗಿಯ ಎದೆಗೆ 10 ಗ್ರೇ ಅಥವಾ ಹೆಚ್ಚು ಬಿದ್ದಿದ್ದರೆ, 25ನೇ ವಯಸ್ಸು ಅಥವಾ ವಿಕಿರಣವಾಗಿ 8 ವರ್ಷ, ಇವೆರಡರಲ್ಲಿ ಯಾವುದು ತಡವಾಗಿ ಬರುತ್ತದೆಯೋ ಆಗಿನಿಂದ ಪ್ರತಿವರ್ಷ ಸ್ತನದ ಮ್ಯಾಮೊಗ್ರಾಂ ಮತ್ತು ಎಂಆರ್‌ಐ ಆಗಬೇಕು. 12ನೇ ವಯಸ್ಸಿನಲ್ಲಿ ವಿಕಿರಣ ಪಡೆದವಳಿಗೆ ಅದು 25ರಲ್ಲಿ, 19ರಲ್ಲಿ ಪಡೆದವಳಿಗೆ 27ರಲ್ಲಿ. ಈ ವಯಸ್ಸಿನಲ್ಲಿ ಹೆಚ್ಚಿನವರು ಕೆಲಸಕ್ಕೋ ಮದುವೆಯಾಗಿಯೋ ಬೇರೆ ಊರಿಗೆ ಹೋಗಿರುತ್ತಾರೆ, ಹೊಸ ವೈದ್ಯರು ‘ಇಷ್ಟು ಚಿಕ್ಕ ವಯಸ್ಸಿಗೆ ಮ್ಯಾಮೊಗ್ರಾಂ ಯಾಕೆ’ ಎನ್ನುತ್ತಾರೆ. ಸಾರಾಂಶದ ಪುಟವೇ ಅದಕ್ಕೆ ಉತ್ತರ.

ಹೊಟ್ಟೆಗೆ ಬಿದ್ದಿದ್ದರೆ 30ನೇ ವಯಸ್ಸು ಅಥವಾ ವಿಕಿರಣವಾಗಿ 5 ವರ್ಷ, ಯಾವುದು ತಡವೋ ಆಗಿನಿಂದ ದೊಡ್ಡ ಕರುಳಿನ ತಪಾಸಣೆಯ ಬಗ್ಗೆ ಕೇಳಿ. ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಬೇಕು. ಎಲ್ಲಿಗೇ ಬಿದ್ದಿರಲಿ, ಆ ಜಾಗದ ಚರ್ಮದಲ್ಲಿ ಹೊಸ ಮಚ್ಚೆ, ಮಾಯದ ಹುಣ್ಣು ಇದೆಯೇ ಎಂದು ಸ್ನಾನದ ವೇಳೆ ನೋಡುವ ಅಭ್ಯಾಸವಿರಲಿ.

ಉಳಿದವು

ದೀರ್ಘಕಾಲ ಸ್ಟೀರಾಯ್ಡ್ ಪಡೆದವರಿಗೆ ಮೂಳೆಯ ಸಾಂದ್ರತೆ ಮತ್ತು ಕಣ್ಣಿನ ಪೊರೆಯ ತಪಾಸಣೆ ಬೇಕು. 2001ಕ್ಕಿಂತ ಮೊದಲು ರಕ್ತ ಪಡೆದವರು ಒಮ್ಮೆ ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು, ಏಕೆಂದರೆ ದಾನಿಗಳ ರಕ್ತದಲ್ಲಿ ಅದರ ಪರೀಕ್ಷೆ ನಮ್ಮ ದೇಶದಲ್ಲಿ ಕಡ್ಡಾಯವಾದದ್ದು ಆ ವರ್ಷ. ಬ್ಲಿಯೊಮೈಸಿನ್ ಪಡೆದವರಿಗೆ ಯಾವ ಶಸ್ತ್ರಚಿಕಿತ್ಸೆ ಆಗುವುದಿದ್ದರೂ ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಬೇಕು. ಹೆಚ್ಚಿನ ಪ್ರಮಾಣದ ಆಮ್ಲಜನಕ ಅವರ ಶ್ವಾಸಕೋಶಕ್ಕೆ ತೊಂದರೆ ಮಾಡಬಹುದು. ರೆಟಿನೊಬ್ಲಾಸ್ಟೊಮಾ ಎಂಬ ಕಣ್ಣಿನ ಕ್ಯಾನ್ಸರ್ ಇದ್ದವರು ಅದು ವಂಶವಾಹಿಯಿಂದ ಬಂದದ್ದೇ ಎಂದು ಕೇಳಿ ತಿಳಿದುಕೊಳ್ಳಬೇಕು. ಹೌದಾದರೆ ತಮ್ಮತಂಗಿಯರ ಕಣ್ಣು ಪರೀಕ್ಷೆ ತುರ್ತಾಗಿ ಆಗಬೇಕು. ಚಿಕ್ಕ ವಯಸ್ಸಿನಲ್ಲಿ ಚಿಕಿತ್ಸೆಯಾದವರ ಹಲ್ಲಿನ ಬೇರುಗಳು ಗಿಡ್ಡವಾಗಿರಬಹುದಾದ್ದರಿಂದ ಆರು ತಿಂಗಳಿಗೊಮ್ಮೆ ದಂತವೈದ್ಯರ ಭೇಟಿ ಇರಲಿ.

ಪ್ರತಿವರ್ಷ ಪೆಟ್ ಸ್ಕ್ಯಾನ್ ಮಾಡಿಸಿ ‘ಎಲ್ಲಾ ಒಂದೇ ಸಲ ನೋಡಿಬಿಡೋಣ’ ಎನ್ನುವವರಿಗೆ ನನ್ನ ಕಳಕಳಿಯ ವಿನಂತಿ: ಯಾವ ಲಕ್ಷಣವೂ ಇಲ್ಲದ ಮಗುವಿಗೆ ಅದು ದುಡ್ಡಿನ ನಷ್ಟವಷ್ಟೇ ಅಲ್ಲ, ಮತ್ತಷ್ಟು ವಿಕಿರಣ. ವೈದ್ಯರು ಹೇಳದೆ ಮಾಡಿಸಬೇಡಿ.

ಹಂತ 5: ಬೆಳವಣಿಗೆಯನ್ನು ಮನೆಯಲ್ಲೇ ಅಳೆಯಿರಿ

ಬೆಳವಣಿಗೆ ನಿಲ್ಲುವವರೆಗೆ ಆರು ತಿಂಗಳಿಗೊಮ್ಮೆ ಎತ್ತರ, ತೂಕ ಬರೆದಿಡಿ. ಬಾಗಿಲ ಚೌಕಟ್ಟಿಗೆ ಬೆನ್ನು, ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದರೆ ಸಾಕು. ತಲೆಗೆ ವಿಕಿರಣ ಪಡೆದ ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆಯಾಗಬಹುದು. ‘ಅಪ್ಪನೂ ಗಿಡ್ಡ, ಹಾಗಾಗಿ’ ಎಂದು ಕಾಯುತ್ತಾ ಕುಳಿತರೆ ಮೂಳೆಗಳ ತುದಿ ಮುಚ್ಚಿಕೊಂಡು ಚಿಕಿತ್ಸೆಯ ಸಮಯ ಮೀರಿಹೋಗುತ್ತದೆ.

ಹುಡುಗಿಯರಲ್ಲಿ 8ಕ್ಕಿಂತ ಮೊದಲು, ಹುಡುಗರಲ್ಲಿ 9ಕ್ಕಿಂತ ಮೊದಲು ಪ್ರಾಯದ ಲಕ್ಷಣ ಕಂಡರೆ ಅದು ಬೇಗ. ಹುಡುಗಿಯರಲ್ಲಿ 13, ಹುಡುಗರಲ್ಲಿ 14 ದಾಟಿದರೂ ಕಾಣದಿದ್ದರೆ ಅದು ತಡ. ಎರಡಕ್ಕೂ ಹಾರ್ಮೋನು ತಜ್ಞರ ಭೇಟಿ ಬೇಕು. ಸೈಕ್ಲೊಫಾಸ್ಫಮೈಡ್, ಐಫಾಸ್ಫಮೈಡ್, ಕಿಬ್ಬೊಟ್ಟೆಯ ವಿಕಿರಣಗಳು ಸಂತಾನಶಕ್ತಿಯ ಮೇಲೆ ಪರಿಣಾಮ ಮಾಡಬಲ್ಲವು. ಮುಟ್ಟು ಸರಿಯಾಗಿ ಆಗುತ್ತಿದ್ದರೂ ಕೆಲವರಲ್ಲಿ ಅದು ಬೇಗ ನಿಲ್ಲಬಹುದಾದ್ದರಿಂದ, ಮಕ್ಕಳನ್ನು ಬಯಸುವವರು ವಿಷಯವನ್ನು ಮುಂದೂಡದೆ ಇಪ್ಪತ್ತರ ಹರೆಯದಲ್ಲೇ ತಜ್ಞರೊಂದಿಗೆ ಮಾತನಾಡಬೇಕು.

ಹಂತ 6: ಲಸಿಕೆಗಳನ್ನು ಮತ್ತೆ ಹೊಂದಿಸಿ

ಚಿಕಿತ್ಸೆಯಿಂದ ಹಳೆಯ ಲಸಿಕೆಗಳ ಬಲ ಕುಂದಿರಬಹುದು. ದಡಾರ, ಸೀತಾಳೆ ಸಿಡುಬಿನಂಥ (ಚಿಕನ್ ಪಾಕ್ಸ್) ಜೀವಂತ ಲಸಿಕೆಗಳನ್ನು ಕಿಮೊಥೆರಪಿ ಮುಗಿದು ಸಾಮಾನ್ಯವಾಗಿ ಆರು ತಿಂಗಳ ಬಳಿಕ, ವೈದ್ಯರು ಒಪ್ಪಿದ ಮೇಲೆಯೇ ಹಾಕಿಸಬೇಕು. ಶಾಲೆಯಲ್ಲಿ ಲಸಿಕೆ ಶಿಬಿರ ನಡೆದಾಗ ಸಾಲಿನಲ್ಲಿ ನಿಲ್ಲಿಸಿಬಿಡಬೇಡಿ. ಎಚ್‌ಪಿವಿ ಲಸಿಕೆ (ಗರ್ಭಕಂಠದ ಕ್ಯಾನ್ಸರ್ ಮುಂತಾದವನ್ನು ತಡೆಯುವಂಥದ್ದು) ಇವರಿಗೆ ಮೂರು ಡೋಸು.

ಹಂತ 7: ವರ್ಷದ ಭೇಟಿಗೆ ದಿನ ಗೊತ್ತುಮಾಡಿ

ಒಂದು ತಿಂಗಳನ್ನು ಖಾಯಂ ಮಾಡಿ. ಜುಲೈ, ಆಗಸ್ಟ್ ಬೇಡ. ಸಾಯನ್, ಕುರ್ಲಾದಲ್ಲಿ ಹಳಿಯ ಮೇಲೆ ನೀರು ನಿಂತು ಲೋಕಲ್ ನಿಂತರೆ ಆ ದಿನದ ಅಪಾಯಿಂಟ್‌ಮೆಂಟೂ ಹೋಯಿತು. ಗಣೇಶೋತ್ಸವದ ದಿನಗಳಲ್ಲಿ ಲಾಲ್‌ಬಾಗ್, ಪರೇಲ್ ರಸ್ತೆಗಳು ಜನರಿಂದ ತುಂಬಿರುತ್ತವೆ. ದೀಪಾವಳಿ ರಜೆ ಅಥವಾ ಮೇ ತಿಂಗಳು ಅನುಕೂಲ, ಊರಿನಿಂದ ಬರುವವರಿಗೆ ರೈಲಿನ ಟಿಕೆಟನ್ನು ಮೊದಲೇ ಮಾಡಿಸಿಕೊಳ್ಳಲು ಸಮಯವೂ ಸಿಗುತ್ತದೆ.

ರಕ್ತ, ಮೂತ್ರ ಪರೀಕ್ಷೆಗಳನ್ನು ಮನೆಯ ಹತ್ತಿರವೇ ಒಂದು ವಾರ ಮೊದಲು ಮಾಡಿಸಬಹುದೇ ಎಂದು ಕ್ಲಿನಿಕ್ಕಿನಲ್ಲಿ ಕೇಳಿಕೊಳ್ಳಿ. ಎಕೋವನ್ನು ಮಾತ್ರ ಸಾಧ್ಯವಾದಷ್ಟು ಪ್ರತಿಸಲವೂ ಒಂದೇ ಕಡೆ ಮಾಡಿಸಿ; ಯಂತ್ರ, ನೋಡುವವರು ಬದಲಾದರೆ ಸಂಖ್ಯೆಯಲ್ಲಿ ವ್ಯತ್ಯಾಸ ಬಂದು ವೃಥಾ ಗಾಬರಿ ಅಥವಾ ಸುಳ್ಳು ಸಮಾಧಾನ ಉಂಟಾಗುತ್ತದೆ. ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ರಾತ್ರಿ ಬರೆದುಕೊಳ್ಳಿ. ಹೊರಡುವ ಮೊದಲು ‘ಮುಂದಿನ ಬಾರಿ ಯಾವ ಪರೀಕ್ಷೆ, ಯಾವಾಗ’ ಎಂಬುದನ್ನು ಬರೆಸಿಕೊಂಡೇ ಏಳಿ.

ಹಂತ 8: ಓದು, ಮನಸ್ಸು

ತಲೆಗೆ ವಿಕಿರಣ ಅಥವಾ ಬೆನ್ನಿಗೆ ಹಲವು ಬಾರಿ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಪಡೆದ ಮಕ್ಕಳಿಗೆ ಗಣಿತ, ಬರೆಯುವ ವೇಗ, ಗಮನ ನಿಲ್ಲಿಸುವುದು ಕಷ್ಟವಾಗಬಹುದು. ಇದು ಸೋಮಾರಿತನವಲ್ಲ, ಮುದ್ದು ಹೆಚ್ಚಾದದ್ದೂ ಅಲ್ಲ. ಬೈದು ಟ್ಯೂಷನ್‌ಗೆ ಸೇರಿಸುವ ಮೊದಲು ಮನೋವೈಜ್ಞಾನಿಕ ಮೌಲ್ಯಮಾಪನ ಮಾಡಿಸಿ. ಕಲಿಕೆಯ ತೊಂದರೆ ದೃಢಪಟ್ಟರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮುಂತಾದ ರಿಯಾಯಿತಿಗಳಿಗೆ ಶಾಲೆಯ ಮೂಲಕ ಅರ್ಜಿ ಹಾಕಬಹುದು. ಹತ್ತನೆಯ ತರಗತಿಯ ಕೊನೆಯ ತಿಂಗಳವರೆಗೆ ಕಾಯಬೇಡಿ. ಕಾಲು ಕಳೆದುಕೊಂಡವರು, ಕಿವಿ ಅಥವಾ ದೃಷ್ಟಿ ಗಣನೀಯವಾಗಿ ಕುಂದಿದವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಪಡೆಯಲು ಅರ್ಹರಾಗಿರಬಹುದು.

ಹಂತ 9: ಫೈಲನ್ನು ಮಗುವಿನ ಕೈಗೆ ಒಪ್ಪಿಸಿ

ತನಗೆ ಬಾಲ್ಯದಲ್ಲಿ ‘ರಕ್ತ ಕಡಿಮೆಯಾಗಿತ್ತು’ ಎಂದಷ್ಟೇ ತಿಳಿದಿರುವ ಇಪ್ಪತ್ತೆರಡರ ಯುವಕರನ್ನು ನಾನು ಕಂಡಿದ್ದೇನೆ. ಹಿಂಜೆವಾಡಿಯಲ್ಲಿ ಕೆಲಸ ಸಿಕ್ಕಿ ಪುಣೆಗೆ ಹೋದ ಮೇಲೆ ಇಂಥವರ ತಪಾಸಣೆ ನಿಂತುಹೋಗುತ್ತದೆ, ಏಕೆಂದರೆ ಕಂಪನಿಯ ವಾರ್ಷಿಕ ಚೆಕಪ್ಪೇ ಸಾಕೆಂದು ಅವರು ನಂಬುತ್ತಾರೆ.

ಹತ್ತು, ಹನ್ನೆರಡರ ವಯಸ್ಸಿನಲ್ಲಿ ರೋಗದ ಹೆಸರು ಹೇಳಿ. ಹದಿನಾಲ್ಕರ ಹೊತ್ತಿಗೆ ವೈದ್ಯರ ಪ್ರಶ್ನೆಗಳಿಗೆ ತಾನೇ ಉತ್ತರಿಸಲಿ, ನೀವು ಪಕ್ಕದಲ್ಲಿ ಕುಳಿತಿರಿ. ಹದಿನಾರಕ್ಕೆ ಸಾರಾಂಶದ ಪುಟವನ್ನು ಒಟ್ಟಿಗೆ ಓದಿ. ಹದಿನೆಂಟಕ್ಕೆ ಮೂಲ ಫೈಲು ಅವರದು, ಪ್ರತಿ ನಿಮ್ಮದು. ತಮ್ಮಂತೆಯೇ ಗುಣವಾದವರೊಂದಿಗೆ ಮಾತನಾಡಬೇಕೆನಿಸಿದರೆ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಅಡಿಯಲ್ಲಿ 2009ರಿಂದ ಮುಂಬೈಯಲ್ಲಿ ನಡೆಯುತ್ತಿರುವ ‘ಉಗಮ್’ ಗುಂಪು ಇದೆ. ತಂದೆತಾಯಿ ಹೇಳಿ ಸೋತ ಮಾತನ್ನು ಅಲ್ಲಿನ ಹಿರಿಯ ಅಣ್ಣ ಅಕ್ಕಂದಿರು ಹೇಳಿದರೆ ಹದಿಹರೆಯದವರು ಕೇಳುತ್ತಾರೆ.

ಆರೋಗ್ಯ ವಿಮೆ ಮಾಡಿಸುವಾಗ ಹಳೆಯ ರೋಗವನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಕಾದಾಗಲೇ ಕ್ಲೇಮು ತಿರಸ್ಕೃತವಾಗಬಹುದು. 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ ಹೆಚ್ಚೆಂದರೆ 3 ವರ್ಷ. ಉದ್ಯೋಗದಾತರ ಗುಂಪು ವಿಮೆಯಲ್ಲಿ ಬಹುತೇಕ ಈ ಕಾಯುವಿಕೆ ಇರುವುದಿಲ್ಲ, ಆದರೆ ಸೇರಿದ ದಿನವೇ ಷರತ್ತನ್ನು ಓದಿಕೊಳ್ಳಿ.

ವರ್ಷದ ಭೇಟಿಗೆ ಕಾಯಬಾರದ ಲಕ್ಷಣಗಳು

ದಾದರ್ ಸ್ಟೇಷನ್ನಿನ ಸೇತುವೆಯನ್ನು ಜೊತೆಯವರಂತೆ ಹತ್ತುತ್ತಿದ್ದವರಿಗೆ ಈಗ ಅರ್ಧದಲ್ಲೇ ಏದುಸಿರು ಬರುವುದು, ಕಾಲು ಊದಿಕೊಳ್ಳುವುದು, ಮಲಗಿದರೆ ಉಸಿರು ಕಟ್ಟುವುದು: ಹೃದಯದ ಸೂಚನೆ. ಬೆಳಗ್ಗೆ ಎದ್ದಾಗ ತಲೆನೋವಿನೊಂದಿಗೆ ವಾಂತಿ, ಹೊಸದಾಗಿ ಫಿಟ್ಸ್. ವಿಕಿರಣ ಬಿದ್ದ ಜಾಗದಲ್ಲಿ, ಕುತ್ತಿಗೆಯಲ್ಲಿ ಅಥವಾ ಸ್ತನದಲ್ಲಿ ಗಂಟು. ಕಾರಣವಿಲ್ಲದೆ ಬಿಳಿಚಿಕೊಳ್ಳುವುದು, ಮೈಮೇಲೆ ನೀಲಿ ಕಲೆ, ನಿಲ್ಲದ ರಕ್ತಸ್ರಾವ. ಎಟೊಪೊಸೈಡ್ ಎಂಬ ಕಿಮೊಥೆರಪಿ ಔಷಧ ಪಡೆದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮೂತ್ರದಲ್ಲಿ ರಕ್ತ. ಸ್ಟೀರಾಯ್ಡ್ ಪಡೆದವರಲ್ಲಿ ಸೊಂಟದ ಕೀಲು ನೋವು, ಕುಂಟುತ್ತಾ ನಡೆಯುವುದು.

ಗುಲ್ಮವನ್ನು (ಸ್ಪ್ಲೀನ್) ತೆಗೆಸಿಕೊಂಡವರಿಗೆ, ಅಥವಾ ಅದರ ಮೇಲೆ ಹೆಚ್ಚು ವಿಕಿರಣ ಬಿದ್ದವರಿಗೆ, 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರವೇ ತುರ್ತು. ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗುವವರೆಗೆ ನೋಡೋಣ ಎನ್ನಬಾರದು, ಏಕೆಂದರೆ ಸೋಂಕು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಹರಡಬಹುದು. ಪರೇಲಿನವರೆಗೆ ಹೋಗುವುದೂ ಬೇಡ. ಹತ್ತಿರದ ಯಾವುದೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಸಾರಾಂಶದ ಪುಟವನ್ನು ಮೊಬೈಲಿನಲ್ಲಿ ತೆರೆದು ತೋರಿಸಿ, ‘ಗುಲ್ಮವಿಲ್ಲ, ಜ್ವರವಿದೆ’ ಎಂಬ ಮಾತನ್ನು ಮೊದಲು ಹೇಳಿ.